ಅವರ ಕಾಲು, ನನ್ನ ಕೊಳವೆ

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಒಬ್ಬ ಪರಪುರುಷನ ಕಾಲ ಬಳಿ ಕೂತು ಸಂಬಳ ತೆಗೆದುಕೊಂಡಿದ್ದೇನೆ. ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಕೆಲಸವೇ ಅಂಥದ್ದು. ರೋಗ ಹರಡುವ ಸೊಳ್ಳೆ ಯಾವ ಊರಲ್ಲಿದೆ, ಯಾವ ಹವೆಯಲ್ಲಿ ಬದುಕುತ್ತದೆ, ಎಷ್ಟು ಎತ್ತರದವರೆಗೆ ಏರುತ್ತದೆ ಎಂದು ತಿಳಿಯಬೇಕಾದರೆ ಸೊಳ್ಳೆಯನ್ನು ಹಿಡಿಯಬೇಕು. ಸೊಳ್ಳೆ ಬರಬೇಕಾದರೆ ಅದಕ್ಕೊಂದು ಮೈ ಬೇಕು. ಒಬ್ಬರು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಕಾಲು ಚಾಚಿ ಕೂರುತ್ತಾರೆ. ಇನ್ನೊಬ್ಬರು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಾಲಿನ ಮೇಲೆ ಸೊಳ್ಳೆ ಇಳಿದ ತಕ್ಷಣ, ಅದು ಕಚ್ಚುವ ಮೊದಲೇ ಗಾಜಿನ ಕೊಳವೆ ಹಿಡಿದು ಬಾಯಿಂದ ಉಸಿರೆಳೆದು ಅದನ್ನು ಒಳಗೆ ಹೀರಿಕೊಳ್ಳುತ್ತಾರೆ. ಕೊಳವೆಯ ನಡುವೆ ಬಲೆಬಟ್ಟೆ ಇರುವುದರಿಂದ ಸೊಳ್ಳೆ ಬಾಯಿಗೆ ಬರುವುದಿಲ್ಲ. ಕಾಲು ಅವರದು, ಕೊಳವೆ ನನ್ನದು.

ಈ ಭಂಗಿ ನೋಡಿ ಜನ ಏನೇನು ಅಂದುಕೊಂಡಿಲ್ಲ! ಕಾರವಾರದ ಕಡೆ ಮೀನು ಮಾರುವ ಹೆಂಗಸೊಬ್ಬಳು, ನಾನು ಗಂಡನ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದೇನೆಂದು ತಿಳಿದು, ಬುಟ್ಟಿ ಕೆಳಗಿಟ್ಟು ಓಡಿ ಬಂದು ನನ್ನ ರಟ್ಟೆ ಹಿಡಿದೆಬ್ಬಿಸಿದಳು. 'ಏಳೇ ಮಾರಾಯ್ತಿ, ಇಂಥವ್ರ ಕಾಲಿಗೆಲ್ಲ ಬೀಳೂದೆಂತಕ್ಕೆ' ಅಂದಳು. ರಾಯಚೂರಿನ ಹತ್ತಿರದ ಹಳ್ಳಿಯಲ್ಲಿ ನಾನು ವಿಷ ಹೀರಿ ತೆಗೆಯುವ ನಾಟಿ ವೈದ್ಯೆ ಎಂದು ಸುದ್ದಿಯಾಗಿ, ಕಾಲುನೋವಿನವರು ಸಾಲಾಗಿ ಬಂದು ನಿಂತುಬಿಟ್ಟರು. ಕಾಲು ಚಾಚಿ ಕೂತಿದ್ದ ನಮ್ಮ ಸಾರ್‌ಗೋ ಇದೆಲ್ಲ ಮಜಾ. 'ನಮ್ ತಾಯಿ ಕೈಗುಣ ಚೆನ್ನಾಗಿದೆ, ಒಬ್ಬೊಬ್ರಾಗಿ ಕೂತ್ಕೊಳ್ರಪ್ಪಾ' ಎಂದು ಸಾಲು ಸರಿಮಾಡಲು ಶುರು ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಗೊತ್ತಿದ್ದೇ ಅವರು ಕೆಣಕುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಅವರು ಡೆಂಗಿಯಿಂದ ತೀರಿಕೊಂಡರು. ನಾವಿಬ್ಬರೂ ಮಾಡಿದ ಕೊನೆಯ ಸರ್ವೆಯ ಮರುದಿನ ತೀರಿಕೊಂಡರು. ಆ ಸರ್ವೆಯ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಏನು ನಡೆಯುತ್ತಿತ್ತು, ಅದನ್ನು ನಾನು ಏನೆಂದು ಓದಿಕೊಂಡೆ ಎಂಬುದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎದೆ ಬಡಿದುಕೊಳ್ಳುವುದಕ್ಕಲ್ಲ. ಅದು ನನಗೆ ಬರುವುದೂ ಇಲ್ಲ.

ನೋಡುವುದಕ್ಕೆ ಅದೊಂದು ಸಾಮಾನ್ಯ ಕಾಲು. ಕಪ್ಪು ಬಣ್ಣ, ಉಬ್ಬಿದ ಮೀನಖಂಡ, ಚಪ್ಪಲಿಯ ಪಟ್ಟಿ ಕೂತ ಕಡೆ ಬಿಳಿ ಗೆರೆ. ಆದರೆ ಸೊಳ್ಳೆಗೆ ಎಲ್ಲರ ಮೈಯೂ ಒಂದೇ ಅಲ್ಲ. ಉಸಿರು, ಬೆವರು, ಮೈಯ ಶಾಖ, ಇವೆಲ್ಲ ಸೇರಿ ಕೆಲವರನ್ನು ಅದು ದೂರದಿಂದಲೇ ಹುಡುಕಿಕೊಂಡು ಬರುತ್ತದೆ. ನಾನು ಕಾಲು ಚಾಚಿ ಕೂತರೆ ಒಂದೆರಡು ಬಂದರೆ ಹೆಚ್ಚು. ಅವರು ಕೂತರೆ ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ ನುಗ್ಗುತ್ತಿದ್ದವು. ಈಗೀಗ ಮೇಲಿನವರು ಈ ಪದ್ಧತಿ ಬೇಡ, ಅಪಾಯ ಎಂದು ಯಂತ್ರದ ಬಲೆಗಳನ್ನು ಕಳಿಸಿದ್ದಾರೆ. ಯಂತ್ರ ಮೂಲೆಯಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಸೊಳ್ಳೆಗಳು ಅದನ್ನು ದಾಟಿ ಇವರ ಕಾಲಿಗೆ ಬರುತ್ತಿದ್ದವು. ಹಾಗಾಗಿ ಬಾಯಲ್ಲಿ ಬೇಡವೆಂದವರೂ ಕಣ್ಣು ಮುಚ್ಚಿಕೊಂಡು ನಮ್ಮ ಕೆಲಸ ನಡೆಯಲು ಬಿಟ್ಟಿದ್ದರು.

ಈ ಕೆಲಸದಲ್ಲಿ ಒಂದು ನಿಯಮವಿದೆ. ಕೊಳವೆ ಹಿಡಿದವರು ಕಾಲನ್ನು ಮುಟ್ಟಬಾರದು. ಮುಟ್ಟಿದರೆ ಒಬ್ಬರ ಬೆವರಿನ ವಾಸನೆ ಇನ್ನೊಬ್ಬರಿಗೆ ಹತ್ತಿ ಎಣಿಕೆ ಕೆಡುತ್ತದೆ. ಅಷ್ಟು ವರ್ಷ ಒಂದು ಗೇಣು ದೂರದಲ್ಲಿ ಕೂತು ನೋಡಿದ ಕಾಲನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಯಲಹಂಕದ ಹತ್ತಿರ ಸಿಂಗಾಪುರ ಎಂಬ ಹಳ್ಳಿಯಲ್ಲಿ ಅವರು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಅವರ ಹೆಂಡತಿಯನ್ನು ಮೊದಲ ಸಲ ಕಂಡೆ. ಅದೇ ಊರಿನ ಹಳೆಯ ಮನೆತನದ ಹೆಂಗಸು, ಗಂಡನಿಗಿಂತ ಮಾತಿನಲ್ಲಿ ಒಂದು ಕೈ ಮೇಲೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅವ್ರ ಕಾಲ್ನ ನನಗಿಂತ ನೀನೇ ಜಾಸ್ತಿ ನೋಡಿರೋದು ಕಣಮ್ಮಾ. ಎಂಗೈತೆ, ಸವೆದೈತಾ?' ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನನಗೂ ಅವತ್ತು ಸಿಟ್ಟು ಬರಲಿಲ್ಲ.

ನಮ್ಮ ತಂಡದ ಮುಂದಿದ್ದ ಪ್ರಶ್ನೆ ಒಂದೇ. ಕಾಲುಗಳ ಮೇಲೆ ಬಿಳಿ ಪಟ್ಟೆಯಿರುವ, ಹಗಲು ಹೊತ್ತು ಕಚ್ಚುವ ಈ ಸೊಳ್ಳೆ ಎಲ್ಲೆಲ್ಲಿ ಬದುಕುತ್ತದೆ, ಎಲ್ಲಿಯವರೆಗೆ ಹತ್ತುತ್ತದೆ? ಕಡಲ ತೀರದ ಅಂಟು ಸೆಕೆಯಲ್ಲಿ ಅದು ತೆಂಗಿನ ಚಿಪ್ಪಿನಲ್ಲಿ ಮರಿ ಮಾಡುತ್ತಿತ್ತು. ರಾಯಚೂರಿನ ಬಿಸಿಲಿಗೆ ಹೊರಗೆಲ್ಲ ಬೆಂದುಹೋದರೂ ಮನೆಯೊಳಗೆ, ಕುಡಿಯುವ ನೀರಿನ ಗುಡಾಣದ ಹಿಂದಿನ ತಂಪು ಕತ್ತಲಲ್ಲಿ ಹಾಯಾಗಿ ಕೂತಿರುತ್ತಿತ್ತು. ಎತ್ತರಕ್ಕೆ ಹೋದರೆ ಚಳಿಗೆ ಸಾಯುತ್ತದೆ ಎಂದು ನಮಗೆ ಪಾಠದಲ್ಲಿ ಹೇಳಿಕೊಟ್ಟಿದ್ದರು. ನಂದಿ ಬೆಟ್ಟದಲ್ಲಿ ಮೊದಮೊದಲು ಬುಡದಲ್ಲಿ ಮಾತ್ರ ಸಿಗುತ್ತಿತ್ತು. ಕೆಲವು ವರ್ಷಗಳಲ್ಲಿ ಅರ್ಧ ದಾರಿಯ ಜೋಳದ ಗಾಡಿಯವನ ಡ್ರಮ್ಮಿನಲ್ಲಿ ಸಿಕ್ಕಿತು. ಆಮೇಲೆ ತುದಿಯಲ್ಲಿ, ಪ್ರವಾಸಕ್ಕೆ ಬಂದವರು ಎಸೆದ ಲೋಟಗಳಲ್ಲಿ. 'ನೋಡ್ ತಾಯಿ, ನಮಗಿಂತ ಮುಂಚೆ ಬಂದು ಸೀಟ್ ಹಿಡಿದಿದೆ' ಅಂದರು ಅವರು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಹಲ್ಲು ಕಡಿಯುತ್ತಿದ್ದೆ. ಅವರು ಮಂಜಿನಲ್ಲಿ ಬರಿಗಾಲು ಚಾಚಿ ಕೂತಿದ್ದರು, ಆ ಚಳಿಯಲ್ಲೂ ಒಂದು ಹಾರಿ ಬಂದು ಅವರ ಬೆಚ್ಚಗಿನ ಕಾಲಿನ ಮೇಲೆ ಕೂತಿತು.

ಅವತ್ತು ನಾವು ಸಂಭ್ರಮಪಟ್ಟೆವು. ಅಷ್ಟು ಎತ್ತರದಲ್ಲಿ ಹಿಡಿದೆವಲ್ಲ ಎಂಬ ಹೆಮ್ಮೆ. ಬೆಟ್ಟ ಇಳಿಯುವಾಗ ಮಾತ್ರ ಇಬ್ಬರ ಕಣ್ಣೂ ಕೆಳಗಿನ ಬಯಲಿನ ಮೇಲೇ ಇತ್ತು. ಅದಕ್ಕಿಂತ ತಗ್ಗಿನಲ್ಲಿರುವ ನಮ್ಮ ಊರು, ಹೆಬ್ಬಾಳ, ಯಲಹಂಕ, ಆರ್‌.ಟಿ. ನಗರ ಎಲ್ಲವೂ ಕೆಳಗೆ ಹೊಗೆ ಮುಚ್ಚಿಕೊಂಡು ಮಲಗಿತ್ತು. ಬೆಂಗಳೂರು ಎತ್ತರದ ಊರು, ತಂಪು ಊರು, ಇಲ್ಲಿಗೆ ಅಂಥ ರೋಗ ಬರುವುದಿಲ್ಲ ಎಂದು ನಂಬಿದ್ದವರ ಮಕ್ಕಳು ಈಗ ಪ್ರತಿ ಮಳೆಗಾಲ ಪ್ಲೇಟ್‌ಲೆಟ್ ಲೆಕ್ಕ ಬಾಯಲ್ಲೇ ಹೇಳುತ್ತಾರೆ.

ಊರಿನೊಳಗೆ ಎತ್ತರ ಎಂದರೆ ಈಗ ಮಹಡಿ. ಯಲಹಂಕದಿಂದ ಕೋಗಿಲು ಕಡೆಗೆ ಹೊಲ ತೋಟಗಳಿದ್ದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಮೇಲಿನ ಮಹಡಿಗೆ ಸೊಳ್ಳೆ ಹಾರಿ ಬರುವುದಿಲ್ಲವಂತೆ. ಹಾರಿ ಬರಬೇಕು ಎಂದು ಯಾರು ಹೇಳಿದರು? ಲಿಫ್ಟಿನಲ್ಲಿ ಬರುತ್ತದೆ, ತರಕಾರಿ ಚೀಲದ ಜೊತೆ ಬರುತ್ತದೆ, ನರ್ಸರಿಯಿಂದ ತಂದ ಕುಂಡದಲ್ಲಿ ಮೊಟ್ಟೆಯಾಗಿ ಬರುತ್ತದೆ. ಮಹಡಿ ಮಹಡಿಗೂ ಕೂತು ಹಿಡಿದು ತೋರಿಸಬೇಕೆಂದು ನಮಗೆ ಆಸೆ. ಆದರೆ ಗೇಟಿನಲ್ಲೇ ನಮ್ಮನ್ನು ನಿಲ್ಲಿಸಿ ಕಳಿಸುತ್ತಿದ್ದರು. ಹಳ್ಳಿಯ ಬಾಗಿಲುಗಳೆಲ್ಲ ತೆರೆದಿದ್ದ ನಮಗೆ ಇಲ್ಲಿ ಒಳಗೆ ಕಾಲಿಡಲೂ ಆಗಲಿಲ್ಲ. ಕಡೆಗೆ ಕೋಗಿಲು ಬಳಿಯ ಒಂದು ಕಡೆ ಮಕ್ಕಳಿಗೆ ಸಾಲಾಗಿ ಜ್ವರ ಬಂದು, ಹೆದರಿದ ಸಂಘದವರು ಶನಿವಾರ ಮಧ್ಯಾಹ್ನ ಬನ್ನಿ ಎಂದರು. ಅದು ಬಿಟ್ಟರೆ ಮತ್ತೆ ಆಗುವುದಿಲ್ಲ ಎಂದೂ ಹೇಳಿದರು.

ಅದೇ ವಾರದ ಶುರುವಿನಲ್ಲಿ ಅವರಿಗೆ ಜ್ವರ ಬಂತು.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಮಲೇರಿಯಾ ಕಾಲದಿಂದ ಬಂದದ್ದು. ಯಾರಿಗೆ ಜ್ವರ ಬಂದರೂ ಮೊದಲು ಡಾಕ್ಟರ ಬಳಿ ಹೋಗುವುದಿಲ್ಲ. ತಮ್ಮ ಬೆರಳು ತಾವೇ ಚುಚ್ಚಿಕೊಂಡು, ರಕ್ತದ ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ತಾವೇ ಮೈಕ್ರೋಸ್ಕೋಪಿನಲ್ಲಿ ನೋಡಿಕೊಳ್ಳುತ್ತಾರೆ. ಮಲೇರಿಯಾ ಕ್ರಿಮಿ ಕಂಡರೆ ಮಾತ್ರೆ ನುಂಗುವುದು. ಕಾಣದಿದ್ದರೆ 'ಸ್ಲೈಡ್ ಕ್ಲೀನ್' ಎಂದು ಕಾಫಿ ಕುಡಿದು ಕೆಲಸಕ್ಕೆ ಹೊರಡುವುದು. ಕಾಡಿನ ಅಂಚಿನ ಕ್ಯಾಂಪುಗಳಲ್ಲಿ ಈ ಪದ್ಧತಿ ಎಷ್ಟೋ ಜನರನ್ನು ಉಳಿಸಿದೆ, ಅದಕ್ಕೇ ನಮಗೆ ಅದರ ಮೇಲೆ ಅಷ್ಟು ಭಕ್ತಿ. ಡೆಂಗಿ ಸ್ಲೈಡಿನಲ್ಲಿ ಕಾಣುವುದಿಲ್ಲ ಎಂದು ನಮಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಅದನ್ನು ಊರಿಗೆಲ್ಲ ಹೇಳುವವರೇ ನಾವು. ಆದರೂ ಸ್ಲೈಡ್ ಕ್ಲೀನ್ ಎಂಬ ಮಾತು ಕೇಳಿದ ಕೂಡಲೇ ನಮ್ಮ ಮನಸ್ಸು ತಂತಾನೇ ಹಗುರಾಗಿಬಿಡುತ್ತದೆ.

ಅವರೂ ಫೋನಿನಲ್ಲಿ ಅದನ್ನೇ ಹೇಳಿದರು. 'ಸ್ಲೈಡ್ ಕ್ಲೀನ್ ತಾಯಿ. ಶನಿವಾರ ಬಂದ್ಬಿಡ್ತೀನಿ.'

'ರಕ್ತ ಪರೀಕ್ಷೆ ಮಾಡಿಸಿದ್ರಾ ಸಾರ್?'

'ಮಾಡ್ಕೊಂಡ್ನಲ್ಲ, ನಾನೇ.'

'ಅದಲ್ಲ ಸಾರ್. ಲ್ಯಾಬಲ್ಲಿ.'

'ಜ್ವರ ಇಳೀತಾ ಇದೆ ಕಣಮ್ಮಾ. ಇನ್ಯಾವ ಲ್ಯಾಬು. ನೀನು ಸೊಳ್ಳೆ ಹಾಕೋ ಕಪ್ಪು, ಹತ್ತಿ ಎಲ್ಲ ರೆಡಿ ಮಾಡ್ಕೋ ಹೋಗು.'

ಜ್ವರ ಇಳೀತಾ ಇದೆ ಎಂದು ಅವರು ನನಗೆ ಸಮಾಧಾನ ಹೇಳಿದರು. ಮನೆ ಮನೆಯ ಬಾಗಿಲಲ್ಲಿ ನಿಂತು ಇದೇ ಮನುಷ್ಯ ಏನು ಹೇಳುತ್ತಿದ್ದರು ಗೊತ್ತೇ? 'ಜ್ವರ ಇದ್ದಾಗ ಹೆದರಬೇಡಿ. ಇಳಿದ ಮೇಲೆ ಹೆದರಿ. ಡೆಂಗಿ ಆಟ ಶುರು ಮಾಡೋದೇ ಆಮೇಲೆ. ಹೊಟ್ಟೆನೋವು, ಕೈಕಾಲು ತಣ್ಣಗಾಗೋದು ಕಂಡ್ರೆ ತಕ್ಷಣ ಆಸ್ಪತ್ರೆಗೆ ಓಡಿ.' ಯಶವಂತಪುರದಿಂದ ಯಲಹಂಕದವರೆಗೆ ಎಷ್ಟು ತಾಯಂದಿರು ಈ ಮಾತನ್ನು ಅವರ ಬಾಯಿಂದ ಕೇಳಿದ್ದಾರೋ ಲೆಕ್ಕವಿಲ್ಲ.

ಶನಿವಾರ ಅವರು ಸ್ಕೂಟರಿನಲ್ಲಿ ಗೇಟಿನ ಬಳಿ ಬಂದು ಇಳಿದಾಗ ನಾನು ಬೈಯಲು ಸಿದ್ಧಳಾಗಿಯೇ ನಿಂತಿದ್ದೆ. ಮುಖ ಬಾಡಿತ್ತು. ಆದರೆ ಅವರು ಹೆಲ್ಮೆಟ್ ತೆಗೆದು, 'ಮುಟ್ಟಿ ನೋಡು, ಆಮೇಲೆ ಬೈ' ಎಂದು ಹಣೆ ಮುಂದೆ ಮಾಡಿದರು. ಹಣೆ ತಣ್ಣಗಿತ್ತು. ನನಗೆ ಖುಷಿಯಾಯಿತು. ನಿಜವಾಗಿಯೂ ಖುಷಿಯಾಯಿತು, ಸರ್ವೆ ತಪ್ಪಲಿಲ್ಲವಲ್ಲ ಎಂದೂ ಖುಷಿಯಾಯಿತು. ಈಗ ಉಳಿದೆಲ್ಲಕ್ಕಿಂತ ಆ ಖುಷಿಯ ನೆನಪನ್ನೇ ನನಗೆ ತಡೆದುಕೊಳ್ಳಲು ಆಗುವುದಿಲ್ಲ.

ಸಂಘದ ಕಾರ್ಯದರ್ಶಿ ನಮ್ಮ ಜೊತೆಗೇ ಇದ್ದರು. ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿರುವವರು, ಮರ್ಯಾದಸ್ಥರು, ಕಟ್ಟಡದ ಹೆಸರು ಕೆಡಬಾರದೆಂಬ ಆತಂಕ ಮಾತ್ರ ಒಂದು ತೂಕ ಹೆಚ್ಚು. ಮೊದಲು ಕೆಳಗೆ, ಬೈಕು ನಿಲ್ಲಿಸುವ ಕಡೆ ಕೂತೆವು. ಅವರು ಪ್ಯಾಂಟು ಮಡಚಿದರು, ನಾನು ಕೊಳವೆ ಬಾಯಿಗಿಟ್ಟುಕೊಂಡೆ. ತುಂಬ ಹೊತ್ತಾದರೂ ಏನೂ ಬರಲಿಲ್ಲ. ಅಲ್ಲೇ ಪಕ್ಕದಲ್ಲಿ ವಾಚ್‌ಮನ್ ಕೈ ಕೆರೆದುಕೊಳ್ಳುತ್ತಿದ್ದ. ನನ್ನ ಕುತ್ತಿಗೆಗೂ ಒಂದು ಕಚ್ಚಿತು. ನಾನು ಅದನ್ನು ಬೈದುಕೊಂಡು ಕುತ್ತಿಗೆಗೆ ವೇಲು ಸುತ್ತಿಕೊಂಡೆ. ಮಳೆ ಹೊಯ್ದು ಗಾಳಿ ಬೀಸಿದ ದಿನ, ಸೊಳ್ಳೆ ಕಡಿಮೆ ಇರಬಹುದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ.

ಮೇಲೆ ಹೋಗಲು ಅವರು ಲಿಫ್ಟಿನ ಕಡೆ ನಡೆದರು. ಯಾವಾಗಲೂ ಮೆಟ್ಟಿಲು ಹತ್ತಿ, ಏದುಸಿರು ಬಿಡುವ ನನ್ನನ್ನು ನೋಡಿ ಹಾಸ್ಯ ಮಾಡುತ್ತಿದ್ದವರು. ಜ್ವರದ ಸುಸ್ತು ಅಂದುಕೊಂಡೆ. ಒಂದೊಂದು ಮಹಡಿಯಲ್ಲೂ ಲಿಫ್ಟಿನ ಎದುರಿನ ಜಾಗದಲ್ಲಿ ಕೂತೆವು. ಎಲ್ಲಿಯೂ ಒಂದೂ ಅವರ ಕಾಲಿನ ಮೇಲೆ ಕೂರಲಿಲ್ಲ. ಕಾರ್ಯದರ್ಶಿಯ ಮುಖ ಮಹಡಿಯಿಂದ ಮಹಡಿಗೆ ಅರಳುತ್ತ ಹೋಯಿತು. ಫೋನು ತೆಗೆದು ನಮ್ಮಿಬ್ಬರ ಫೋಟೋ ಹೊಡೆದುಕೊಂಡರು.

'ನಾನ್ ಹೇಳ್ಲಿಲ್ವಾ ಮೇಡಂ, ಮೇಲ್ಗಡೆ ಸೊಳ್ಳೆನೇ ಇಲ್ಲ ನಮ್ಮಲ್ಲಿ. ಮಕ್ಳು ಸ್ಕೂಲಿಂದ ತಂದಿರ್ತಾರೆ ಅಷ್ಟೇ.'

ನಾನು ಸೊನ್ನೆ ಎಂದು ಬರೆದುಕೊಂಡೆ. ಮೇಲಿನ ಮಹಡಿಗೂ ಸೊನ್ನೆ. ಒಳಗೊಳಗೇ ನನಗೆ ಅಚ್ಚರಿಯೇ ಆಗಿತ್ತು. ಇಷ್ಟು ವರ್ಷ ಎಲ್ಲ ಕಡೆ ಹತ್ತಿದ ಸೊಳ್ಳೆ ಇಲ್ಲಿ ಸೋತಿತೇ? ಬೆಟ್ಟ ಹತ್ತಿದ್ದು ಕಟ್ಟಡ ಹತ್ತಲಾರದೆ ಹೋಯಿತೇ? ಹಾಗಿದ್ದರೆ ಅದೂ ಒಂದು ಒಳ್ಳೆಯ ಸುದ್ದಿಯೇ ಎಂದುಕೊಂಡೆ. ಅವರು ಮತ್ತೆ ಮತ್ತೆ ನೀರು ಕೇಳಿ ಕುಡಿಯುತ್ತಿದ್ದರು. ಒಂದು ಸಲ ಹೊಟ್ಟೆ ಒತ್ತಿಕೊಂಡರು. ಏನಾಯ್ತು ಸಾರ್ ಎಂದರೆ, 'ಬೆಳಿಗ್ಗೆ ಅವಳು ಬಲವಂತ ಮಾಡಿ ಇಡ್ಲಿ ತಿನ್ನಿಸಿದ್ಲು ಕಣಮ್ಮಾ, ಕಲ್ ಕೂತಂಗೆ ಕೂತಿದೆ' ಎಂದರು.

ಕೊನೆಗೆ ತುದಿಯ ಮಹಡಿಗೆ ಬಂದೆವು. ಕಿಟಕಿಯಾಚೆ ಯಲಹಂಕದ ವಾಯುನೆಲೆಯ ವಿಮಾನವೊಂದು ಕಿವಿ ಗಡಚಿಕ್ಕುವಂತೆ ಹಾದುಹೋಯಿತು. ಯಾರದೋ ಬಾಗಿಲ ಮುಂದೆ ತುಳಸಿ, ಮನಿಪ್ಲಾಂಟ್ ಕುಂಡಗಳು, ಕೆಳಗೆ ತಟ್ಟೆಗಳು, ತಟ್ಟೆಯ ನೀರಿನಲ್ಲಿ ಕುಣಿಯುತ್ತಿರುವ ಮರಿಹುಳುಗಳು. ಹಾಗಾದರೆ ಇಲ್ಲಿ ಸೊಳ್ಳೆ ಇರಲೇಬೇಕು. ಅವರು ಗೋಡೆಗೆ ಒರಗಿ ಕೂತು ಕಾಲು ಚಾಚಿದರು. ಬಂತು. ಬಿಳಿ ಪಟ್ಟೆಯ ಒಂದು ಸೊಳ್ಳೆ ಕುಂಡದ ಕಡೆಯಿಂದ ಬಂದು ಅವರ ಕಾಲಿನ ಗಿಣ್ಣಿನ ಸುತ್ತ ಸುತ್ತಿತು. ನಾನು ಉಸಿರು ಹಿಡಿದು ಕೊಳವೆ ಹತ್ತಿರ ತಂದೆ. ಅದು ಇನ್ನೇನು ಇಳಿಯಿತು ಅನ್ನುವಷ್ಟರಲ್ಲಿ ಮೇಲೆದ್ದು, ತಿರುಗಿ, ಕೊಳವೆ ಹಿಡಿದ ನನ್ನ ಕೈಮೇಲೆ ಬಂದು ಕೂತಿತು.

ಅವರ ಕಾಲು ಬಿಟ್ಟು ನನ್ನ ಬಳಿಗೆ ಸೊಳ್ಳೆ ಬಂದದ್ದನ್ನು ನಾನು ಯಾವ ಊರಿನಲ್ಲೂ ನೋಡಿರಲಿಲ್ಲ. ರೇಗಿತು. ಕಾಲು ಸರಿಯಾಗಿ ಚಾಚಿಲ್ಲ ಎನಿಸಿ, ನಿಯಮ ಗಿಯಮ ಮರೆತು ಎಡಗೈಯಿಂದ ಅವರ ಮೀನಖಂಡ ಹಿಡಿದು ನನ್ನ ಕಡೆಗೆ ಎಳೆದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಾಲಿನ ಪ್ಯಾಕೆಟ್ಟಿನ ಹಾಗಿತ್ತು ಕಾಲು. ತಣ್ಣಗೆ, ಒದ್ದೆ ಒದ್ದೆ. ನನ್ನ ಕೈ ಅಲ್ಲೇ ನಿಂತಿತು. ಮುಖ ಎತ್ತಿ ನೋಡಿದೆ. ತುಟಿ ಬಿಳಚಿಕೊಂಡಿತ್ತು, ಹಣೆಯ ಮೇಲೆ ಬೆವರು.

'ಏನ್ ತಾಯಿ, ನನ್ ಕಾಲಿಗೆ ಮಾರ್ಕೆಟ್ ಬಿದ್ದೋಯ್ತಾ' ಎಂದು ನಗಲು ನೋಡಿದರು.

'ಸಾರ್, ಏಳಿ. ಆಸ್ಪತ್ರೆಗೆ ಹೋಗ್ಬೇಕು, ಏಳಿ.'

ಅವರಿಗೆ ಏಳಲು ಆಗಲಿಲ್ಲ.

ಕಾರ್ಯದರ್ಶಿಯೂ ನಾನೂ ಎರಡು ಕಡೆ ಹಿಡಿದು ಲಿಫ್ಟಿಗೆ ತಂದೆವು. ಆ ಲಿಫ್ಟು ಮಹಡಿ ಮಹಡಿಗೂ ನಿಂತಿತು. ಒಂದು ಕಡೆ ನಾಯಿ ಹಿಡಿದುಕೊಂಡವರು ಬಾಗಿಲ ಬಳಿ ನಿಂತು ಫೋನಿನಲ್ಲಿ ಮಾತು ಮುಗಿಸುತ್ತಿದ್ದರು. ನಾನು ಕಿರುಚಿದೆ. ಅವರು ಬೆಚ್ಚಿ ಹಿಂದೆ ಸರಿದರು. ಕಾರ್ಯದರ್ಶಿ ತಮ್ಮ ಕಾರು ತೆಗೆದರು. ಆ ಮನುಷ್ಯನ ಬಗ್ಗೆ ನಾನು ಏನೇ ಅಂದರೂ, ಅವತ್ತು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ ಎಂಬುದನ್ನು ಹೇಳಲೇಬೇಕು.

ಕೋಗಿಲು ಕ್ರಾಸಿನ ಸಿಗ್ನಲ್ ದಾಟಿ ಏರ್‌ಪೋರ್ಟ್ ರಸ್ತೆಗೆ ಬಂದರೆ ಹೆಬ್ಬಾಳದವರೆಗೂ ವಾಹನಗಳ ಸಾಲು. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ಹೆಗಲ ಮೇಲಿತ್ತು. ಮಡಚಿದ ಪ್ಯಾಂಟು ಹಾಗೇ ಇತ್ತು, ನಾನೇ ಬಗ್ಗಿ ಇಳಿಸಿದೆ. ಮನೆಗೆ ಫೋನ್ ಮಾಡುತ್ತೇನೆ ಎಂದಾಗ, 'ನೀನೇ ಹೇಳು. ನಾನ್ ಹೇಳಿದ್ರೆ ಬೈತಾಳೆ' ಎಂದರು. ಅವರ ಹೆಂಡತಿಗೆ ಏನು ಹೇಳಿದೆನೋ ನೆನಪಿಲ್ಲ, ಆಸ್ಪತ್ರೆಯ ಹೆಸರು ಎರಡು ಸಲ ಹೇಳಿದ್ದು ಮಾತ್ರ ನೆನಪಿದೆ. ಹೆಬ್ಬಾಳದ ಮೇಲ್ಸೇತುವೆ ಏರುವಾಗ ಕಾರು ಪೂರ್ತಿ ನಿಂತುಹೋಯಿತು. ಮುಂದೆ ಹಿಂದೆ ಹಾರ್ನುಗಳು. ಅವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

'ಜ್ವರ ಇಳಿದ್ ಮೇಲೇನೇ ಹೆದರ್ಬೇಕು.'

'ಗೊತ್ತು ಸಾರ್. ಮಾತಾಡ್ಬೇಡಿ.'

'ಎಲ್ರ ಮನೆಗೂ ಹೋಗಿ ಹೇಳಿದ್ವಲ್ಲ?'

'ಹೇಳಿದ್ವಿ ಸಾರ್.'

'ಎಲ್ರೂ ಕೇಳಿದ್ರಲ್ಲ' ಎಂದರು. ಅದಾದ ಮೇಲೆ ನೀರು ಬೇಕೆಂದಷ್ಟೇ ಕೇಳಿದರು.

ಆಸ್ಪತ್ರೆಯಲ್ಲಿ ನಾಡಿ ಸಿಗುವುದೇ ಕಷ್ಟವಾಯಿತು. ತಡವಾಗಿ ತಂದಿದ್ದೀರಿ, ಜ್ವರ ಇಳಿದ ದಿನವೇ ಕಣ್ಣಿಟ್ಟಿರಬೇಕಿತ್ತು ಎಂದರು ಡಾಕ್ಟರು. ನಾನು ತಲೆಯಾಡಿಸಿದೆ. ಹಿಂದೆ ಒಮ್ಮೆ ಡೆಂಗಿ ಬಂದಿತ್ತೇ ಎಂದು ಕೇಳಿದರು. ಕರಾವಳಿಯ ಕ್ಯಾಂಪಿನಲ್ಲಿ ಒಂದು ಸಲ ಮೈಕೈ ನೋವಿನ ಜ್ವರ ಬಂದು ಹೋಗಿತ್ತು, ಆಗಲೂ ಸ್ಲೈಡ್ ಕ್ಲೀನ್ ಎಂದು ಎದ್ದು ಬಂದಿದ್ದರು. ಅದು ಡೆಂಗಿಯೇ ಇದ್ದಿರಬೇಕು, ಎರಡನೇ ಸಲ ಬಂದರೆ ಅಪಾಯ ಹೆಚ್ಚು. ಅವರ ಹೆಂಡತಿ ಸಿಂಗಾಪುರದಿಂದ ಆಟೋದಲ್ಲಿ ಗಂಜಿಯ ಫ್ಲಾಸ್ಕು ಹಿಡಿದು ಬಂದರು. ಅದನ್ನು ಕೆಳಗಿಡದೆ ಮಡಿಲಲ್ಲೇ ಇಟ್ಟುಕೊಂಡು ಕೂತರು. ಮರುದಿನ ಮಧ್ಯಾಹ್ನ ಎಲ್ಲ ಮುಗಿಯಿತು.

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅವರ ಮೇಲೆ ಸಿಟ್ಟು, ಸ್ಲೈಡಿನ ಮೇಲೆ ಸಿಟ್ಟು, ಸೇತುವೆಯ ಮೇಲೆ ಹಾರ್ನು ಒತ್ತಿದ ಪ್ರತಿಯೊಬ್ಬನ ಮೇಲೂ ಸಿಟ್ಟು. ಆ ಸಿಟ್ಟು ಇನ್ನೂ ಆರದಿದ್ದಾಗಲೇ ಅಪಾರ್ಟ್‌ಮೆಂಟಿನ ಕಡೆಯಿಂದ ಒಂದು ಸಂದೇಶ ನನ್ನ ಫೋನಿಗೂ ಬಂತು. ಕಾರ್ಯದರ್ಶಿ ಅವತ್ತು ತೆಗೆದಿದ್ದ ಫೋಟೋ. ಗೋಡೆಗೆ ಒರಗಿ, ಪ್ಯಾಂಟು ಮಡಚಿ, ಕಾಲು ಚಾಚಿ ಕೂತಿದ್ದಾರೆ. ಕೆಳಗೆ, ತಜ್ಞರ ಪರಿಶೀಲನೆಯಂತೆ ನಮ್ಮ ಮೇಲಿನ ಮಹಡಿಗಳು ಸೊಳ್ಳೆಮುಕ್ತ ಎಂಬ ಒಕ್ಕಣೆ. ಸಂಘದ ಬೇರೆ ಯಾರೋ ಹಾಕಿದ್ದಂತೆ, ನಡೆದದ್ದು ಅವರಿಗೆ ತಿಳಿದಿರಲಿಲ್ಲವಂತೆ. ನಾನು ಆ ಫೋಟೋ ನೋಡುತ್ತ ಕೂತೆ. ತಣ್ಣಗಾಗಿ ಸೊಳ್ಳೆ ಬರದ ಕಾಲನ್ನು ಇವರು ಸೊಳ್ಳೆಯಿಲ್ಲದ ಕಟ್ಟಡ ಎಂದು ಓದಿದರು. ನಾನೂ ಹಾಗೇ ಓದಿದ್ದೆ. ಸಂಘದವರಿಗೆ ತಿಳಿಯದಿದ್ದುದು ಸಹಜ, ನನಗೆ ಮೈಶಾಖದ ಪಾಠವೇ ಹೊಟ್ಟೆಪಾಡು.

ಆ ಸಂಜೆಯೇ ಅಲ್ಲಿಗೆ ಹೋದೆ. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ತುದಿಯ ಮಹಡಿಯಲ್ಲಿ, ಅವರು ಕೂತಿದ್ದ ಕಡೆಯೇ ಚೂಡಿದಾರದ ಕಾಲು ಮೇಲೆ ಸರಿಸಿ ಕೂತೆ. ಒಂದು ಕೈಯಲ್ಲಿ ನಾನೇ ಕೊಳವೆ ಹಿಡಿದೆ. ಸೊಳ್ಳೆ ಅಷ್ಟಾಗಿ ಇಷ್ಟಪಡದ ನನ್ನ ಕಾಲಿಗೂ ಒಂದರ ಹಿಂದೆ ಒಂದು ಬಂದವು. ಕಾಗದದ ಕಪ್ಪಿನಲ್ಲಿ ಅವನ್ನು ಹಾಕಿಕೊಂಡು ಹೋಗಿ ಕಾರ್ಯದರ್ಶಿಯ ಮನೆಯ ಬಾಗಿಲು ತಟ್ಟಿದೆ. ಬಾಯಿಗೆ ಬಂದದ್ದನ್ನೆಲ್ಲ ಹೇಳಬೇಕೆಂದು ಹೋದವಳು, ಅವರ ಹಿಂದೆ ಸೋಫಾದ ಮೇಲೆ ಒದ್ದೆ ಬಟ್ಟೆ ಹಣೆಗಿಟ್ಟುಕೊಂಡು ಮಲಗಿದ್ದ ಮಗಳನ್ನು ನೋಡಿ ಕಪ್ಪನ್ನು ಅವರ ಮುಂದೆ ಹಿಡಿದೆ. 'ಜ್ವರ ಇಳಿದ ಮೇಲೆ ಹುಷಾರು ಸಾರ್' ಎಂದಷ್ಟೇ ಹೇಳಿದೆ. ಅವರು ಕಪ್ಪನ್ನೂ ನನ್ನನ್ನೂ ನೋಡಿ ತಲೆಯಾಡಿಸಿದರು. ಆ ಹುಡುಗಿ ಗುಣವಾದಳು ಎಂದು ಆಮೇಲೆ ತಿಳಿಯಿತು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಸಿಂಗಾಪುರಕ್ಕೆ ಹೋದೆ. ಅವರ ಹೆಂಡತಿ ಹೊರಗಿನ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೊರದಲ್ಲಿದ್ದದ್ದು ಒಬ್ಬರಿಗೆ ಜಾಸ್ತಿಯಾಗುವಷ್ಟು. ಕಾಫಿ ಕೊಟ್ಟರು. ಅವತ್ತು ಏನೇನಾಯಿತು ಹೇಳು ಎಂದರು. ಆಸ್ಪತ್ರೆಯಲ್ಲಿ ಹೇಳಲಾಗದ್ದನ್ನೆಲ್ಲ ಹೇಳಿದೆ. ಲಿಫ್ಟು, ಇಡ್ಲಿ, ಸೇತುವೆ. ಸೊಳ್ಳೆ ಅವರ ಕಾಲು ಬಿಟ್ಟು ನನ್ನ ಕೈಗೆ ಬಂದದ್ದನ್ನು ಹೇಳಿದಾಗ ಅವರ ಬೆರಳುಗಳು ನಿಂತವು.

'ಅವತ್ತು ಬೆಳಿಗ್ಗೇನೂ ಅಂಗೇ ಆಯ್ತು ಕಣಮ್ಮಾ.'

ನಾನು ಕಾಫಿ ಲೋಟ ಕೆಳಗಿಟ್ಟೆ.

'ಇಲ್ಲೇ ಕೂತಿದ್ವಿ ಇಬ್ರೂ, ಕಾಫಿ ಕುಡ್ಕೊಂಡು. ನನ್ ಕೈಗೆ ಕಚ್ತು. ಮತ್ತೊಂದು ಕತ್ತಿಗೆ ಕಚ್ತು. ಇದೇನ್ರೀ, ಇವತ್ತು ನನ್ ತಾವ ಬಂದವೆ ಅಂದೆ. ಅವ್ರು ನಕ್ಬುಟ್ರು. ನನಗ್ ವಯಸ್ಸಾಯ್ತು ಕಣೇ, ಇನ್ ಮೇಲೆ ನೀನೇ ರುಚಿ ಅಂದ್ರು. ನಾನೂ ನಕ್ಕೆ.' ಅವರು ಮೊರದ ಅಂಚನ್ನು ಸವರುತ್ತ ಕೂತರು. 'ಮದ್ವೆ ಆದಾಗಿಂದ ನನಗೆ ಸೊಳ್ಳೆ ಕಚ್ಚಿದ್ದೇ ಇಲ್ಲ. ನಮ್ಮನೇಲಿ ಸೊಳ್ಳೆ ಐತೆ ಅನ್ನೋದೇ ಗೊತ್ತಿರ್ಲಿಲ್ಲ. ಈಗ್ ನೋಡು.'

ಸೀರೆಯ ಸೆರಗು ಸರಿಸಿ ಎರಡೂ ತೋಳು ತೋರಿಸಿದರು. ಮೊಣಕೈಯಿಂದ ಮುಂಗೈವರೆಗೆ ಕೆಂಪು ದದ್ದುಗಳು, ಕೆಲವು ಹೊಸವು, ಕೆಲವು ಕೆರೆದು ಗಾಯವಾದವು. ನಾನು ಬೈಯತೊಡಗಿದೆ. ಸೊಳ್ಳೆಪರದೆ ಕಟ್ಟಿಕೊಳ್ಳಬಾರದೇ, ಮುಲಾಮು ಹಚ್ಚಬಾರದೇ, ಇಷ್ಟೆಲ್ಲ ಆದ ಮೇಲೂ ಬುದ್ಧಿ ಬೇಡವೇ ಎಂದು ಹಿರಿಯರು ಎನ್ನುವುದನ್ನೂ ನೋಡದೆ ಬೈದೆ. ಅವರು ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ. ಆಗ ಮಾವಿನ ಗಿಡದ ಕಡೆಯಿಂದ ಒಂದು ಬಂದು, ಒಂದು ಸುತ್ತೂ ಹಾಕದೆ ನೇರವಾಗಿ ಅವರ ಮುಂಗೈ ಮೇಲೆ ಕೂತಿತು. ಬಿಳಿ ಪಟ್ಟೆಯ ಕಾಲುಗಳು. ಅವರೂ ನೋಡಿದರು. ಕೈ ಅಲ್ಲಾಡಿಸಲಿಲ್ಲ. ನಾನು ಕೈ ಎತ್ತಿದೆ.

'ಇರ್ಲಿ ಬುಡಮ್ಮಾ' ಅಂದರು. 'ಇಷ್ಟು ವರ್ಷ ನನ್ ಪಾಲಿಂದೂ ಅವ್ರೇ ಕಚ್ಚಿಸ್ಕೊಂಡ್ರು.'

ಅದರ ಹೊಟ್ಟೆ ಕೆಂಪಗೆ ಉಬ್ಬುತ್ತಿತ್ತು. ನಾನು ಹೊಡೆದೆ. ಏಟು ಜೋರಾಗಿಯೇ ಬಿತ್ತು, ಅವರೆಕಾಯಿಯೆಲ್ಲ ಜಗಲಿಯ ಮೇಲೆ ಚೆಲ್ಲಿತು. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಅಂಗೈಯನ್ನು ಹಾಗೇ ತಮ್ಮ ತೋಳಿನ ಮೇಲೆ ಒತ್ತಿಹಿಡಿದು, ಅಷ್ಟು ದಿನಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು ಅತ್ತರು.